ಪರದೇಶದಲ್ಲಿ ಕರಿಮಣಿ ಸರ ಕಡಿದರೆ ಏನು ಮಾಡೋದು?

ಊರಲ್ಲಾದರೆ ಸರ ಪೋಣಿಸಿಕೊಡುವ ಪಟಗಾರರ ಕೈಗೆ ಕೊಟ್ಟು ನಿಶ್ಚಿಂತೆಯಾಗಿರಬಹುದು. ಡಲ್ಲಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುವವರ ಪ್ರಶ್ನೆ: "ಇಲ್ಲಿ ಸಿಗೋ ಮಣೀಲೇ ಪೋಣಿಸ್ಕೋಬಹುದಾ?" ಧಾರಾಳವಾಗಿ. ಆದರೆ ಸರ ಉಳಿಯುವುದು ಮಣಿಯಿಂದಲ್ಲ, ದಾರದಿಂದ ಮತ್ತು ಕೊನೆ ಕಟ್ಟುವ ರೀತಿಯಿಂದ.

ಮಣಿಯ ಮಾತು ಬೇಗ ಮುಗಿಯುತ್ತದೆ. ಕರಕುಶಲ ಸಾಮಗ್ರಿಯ ಅಂಗಡಿಯಲ್ಲಿ ಕಪ್ಪು ಸೀಡ್ ಬೀಡ್, ಅಂದರೆ ಪುಟ್ಟ ಗಾಜಿನ ಮಣಿ, ಕೇಳಿ. ಅಳತೆಯ ನಂಬರು ತಿರುಗುಮುರುಗು: 11/0 ಎಂದರೆ ಸುಮಾರು 2 ಮಿ.ಮೀ., 8/0 ಎಂದರೆ 3 ಮಿ.ಮೀ. ಜಪಾನಿನ ಮಿಯುಕಿ, ಟೊಹೊ ಮಣಿಗಳು ಅಚ್ಚುಕಟ್ಟು. ಚೆಕ್ ಮಣಿಗಳು ತುಸು ಏರುಪೇರು. ನಮ್ಮ ಕರಿಮಣಿಯ ಕಳೆ ಬರುವುದು ಚೆಕ್ ಮಣಿಯಲ್ಲೇ. ಡೆಲಿಕಾ ಎಂಬ ಕೊಳವೆಯಾಕಾರದ ಮಣಿ ಬೇಡ. ನೇಲ್ ಪಾಲಿಷ್ ರಿಮೂವರ್ ಹಚ್ಚಿದ ಹತ್ತಿಯಿಂದ ಉಜ್ಜಿ ನೋಡಿ. ಕಪ್ಪು ಬಿಟ್ಟರೆ ಅದು ಮೇಲ್ಬಣ್ಣ.

24 ಇಂಚಿನ ಎರಡೆಳೆ ಸರಕ್ಕೆ, ಇಂಚಿಗೆ ಸುಮಾರು 18ರಂತೆ, 11/0 ಮಣಿ 860ರಷ್ಟು ಬೇಕು. ಸುಮಾರು ಎಂಟು ಗ್ರಾಂ. ತೂತು ಮುಚ್ಚಿದವು, ಒಡಕಿನವು ಬರುತ್ತವೆ, ಹನ್ನೆರಡು ಗ್ರಾಂ ತನ್ನಿ.

ಮೀನಿನ ಗಾಳದ ನೈಲಾನ್ ದಾರ ಮುಟ್ಟಲೇಬೇಡಿ. ವರ್ಷ ಕಳೆಯುವಷ್ಟರಲ್ಲಿ ಸೆಟೆದು, ಚಿನ್ನದ ಗುಂಡಿನ ಬಾಯಂಚಿಗೆ ತಾಗುವಲ್ಲೇ ಕಡಿಯುತ್ತದೆ. ರೇಷ್ಮೆ ಸ್ನಾನದ ನೀರಿಗೆ ಹಿಗ್ಗುತ್ತದೆ. ನೈಲಾನ್ ಹೊದಿಸಿದ, 19 ಎಳೆ ಹೊಸೆದ, 0.30 ಮಿ.ಮೀ. ಉಕ್ಕಿನ ತಂತಿ ಒಳ್ಳೆಯದು. ಒಂದೊಂದು ಎಳೆಗೂ 30 ಇಂಚು ಕತ್ತರಿಸಿ. ಮಡಚಿದರೆ ಆ ಮಡಿಕೆ ಬಿಡಿಸಲು ಬರುವುದಿಲ್ಲ, ಆ ತುಂಡು ಹೋದಂತೆಯೇ.

ಗುಂಡಿನ ತೂತು ದೊಡ್ಡದು, 11/0 ಮಣಿ ಒಳಗೆ ನುಸುಳಿಬಿಡುತ್ತದೆ. ಅದರ ಆಚೀಚೆ ಒಂದೊಂದು 8/0 ಮಣಿ ಹಾಕಿ. ಸರದ ಎರಡು ತುದಿಗೂ ನಾಲ್ಕೈದು 8/0 ಇರಲಿ. ತಂತಿಯ ಬಾಲ ಹಿಂದಿರುಗಿ ತೂರಬೇಕಲ್ಲ, ಸಣ್ಣ ಮಣಿಗೆ ಎರಡು ಸಲ ತೂರಿಸಿದರೆ ಗಾಜು ಸೀಳಬಹುದು.

ತುದಿಗೆ ಗಂಟಲ್ಲ, ಕ್ರಿಂಪ್, ಅಂದರೆ ಒತ್ತಿ ತಂತಿ ಬಿಗಿಯುವ ಪುಟ್ಟ ಲೋಹದ ಕೊಳವೆ. ಎಳೆಗೊಂದು ಬೇರೆ. ತಂತಿ ಕ್ರಿಂಪ್ ದಾಟಿ, ಕೊಂಡಿಯ ಬಳೆ (ಪುಟ್ಟ ಉಂಗುರ) ಸುತ್ತಿ, ಮತ್ತೆ ಕ್ರಿಂಪ್‌ನೊಳಗೆ ಬರಬೇಕು. ಕ್ರಿಂಪ್ ಇಕ್ಕಳದ ಒಳಗಿನ ಹಲ್ಲಿನಲ್ಲಿ ಮೊದಲು ಒತ್ತಿ, ಎರಡೂ ತಂತಿ ಒಂದೊಂದು ಸಾಲಿನಲ್ಲಿ ಬೇರೆಯಾಗಿ ಕೂತ ಮೇಲೆ ಹೊರ ಹಲ್ಲಿನಲ್ಲಿ ಮಡಚಿ. ಸಾಮಾನ್ಯ ಇಕ್ಕಳದಲ್ಲಿ ಚಪ್ಪಟೆ ಮಾಡಿದರೆ ಚೂಪಂಚು ಕತ್ತಿಗೂ ಚುಚ್ಚುತ್ತದೆ, ತಂತಿಯನ್ನೂ ಕಡಿಯುತ್ತದೆ. ಒತ್ತುವ ಮುನ್ನ 2 ಮಿ.ಮೀ. ಸಡಿಲ ಬಿಡಿ, ಇಲ್ಲದಿದ್ದರೆ ಸರ ಕತ್ತಿನ ಮೇಲೆ ಬಳುಕದೆ ಬಳೆಯ ಹಾಗೆ ನಿಲ್ಲುತ್ತದೆ.

ಕೊಂಡಿಗೆ ಬೆಸುಗೆ ಹಾಕಿದ ಬಳೆಯೇ ಬೇಕು. ಬಾಯಿ ಬಿಟ್ಟ ಬಳೆಯ ಸಂದಿನಲ್ಲಿ ಈ ಸಣ್ಣ ತಂತಿ ಸಲೀಸಾಗಿ ಜಾರುತ್ತದೆ, ತಾಳಿ ಸಮೇತ.