ಇದರಲ್ಲಿ ನನ್ನ ಹೆಸರು ಎಲ್ಲಿದೆ?

ಕಳೆದ ಗುರುವಾರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ಅಂದಿನ ಸುಲಿತ ಮುಗಿಸಿ, ಮೆಟ್ಟುಗತ್ತಿಗಳನ್ನು ಗೋಡೆಗೆ ಒರಗಿಸಿ ಎಲ್ಲರೂ ಕೈ ತೊಳೆಯಲು ಎದ್ದಾಗ, ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಏಳು ಮಂದಿ ಹೆಂಗಸರಲ್ಲಿ ಹಿರಿಯಾಕೆ ನನ್ನ ಪಕ್ಕಕ್ಕೆ ಬಂದು ಕುಳಿತರು. ನಾನು ಅಂಗೈಯಗಲದ ಯಂತ್ರದ ಪರದೆಯ ಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ, ಅಂದು ಯಾರು ಎಷ್ಟು ಡಬ್ಬ ಅಡಿಕೆ ಸುಲಿದರೆಂಬ ಲೆಕ್ಕ ಬರೆಯುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, "ಇದ್ರಲ್ಲಿ ನನ್ನ ಹೆಸ್ರು ಎಲ್ಲಿದೆ ಅಮ್ಮಾ? ತೋರ್ಸಿ, ನೋಡಣ" ಎಂದರು. ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ಇದು ನನ್ನ ಹೆಸ್ರಾ?" ಎಂದರು. ಅವರ ಲೆಕ್ಕವನ್ನು ಓದಿ ಹೇಳಿದೆ. ಅವರು ಬೆರಳು ಮಡಚಿ ಎಣಿಸಿಕೊಂಡು, "ಸರಿ ಇದೆ" ಎಂದು ಹೇಳಿ ಎದ್ದು ಹೋದರು. ಲೆಕ್ಕ ಸರಿಯಿತ್ತು, ಆದರೆ ಆ ಪ್ರಶ್ನೆ ಅಂದು ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಆ ಯಂತ್ರ ನಮ್ಮ ಮನೆಗೆ ಬಂದು ಆಗ ಒಂಬತ್ತು ದಿನವಾಗಿತ್ತು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಹಳೆಯ ಸಾಮಾನು ಮಾರುವವರಲ್ಲಿ ಹುಡುಕಿ ತಂದುಕೊಟ್ಟ ಪಾಮ್ ಎಂ100 ಅದು, 2000ನೇ ಇಸವಿಯಲ್ಲಿ ಮಾರುಕಟ್ಟೆಗೆ ಬಂದ ಪಿಡಿಎ, ಅಂದರೆ ದಿನಚರಿ, ವಿಳಾಸ, ಟಿಪ್ಪಣಿ ಬರೆದಿಡುವ ಅಂಗೈ ಯಂತ್ರ. "ಅತ್ತೆ, ನೆಟ್‌ವರ್ಕ್ ಸಿಗದ ನಿಮ್ಮೂರಿಗೆ ಇದೇ ಸರಿ, ಹದಿನೈದು ದಿನ ಬಳಸಿ ನೋಡಿ ಹೇಳಿ" ಎಂದಿದ್ದ. ಅವನು ಒಳ್ಳೆಯ ಹುಡುಗ, ನನ್ನ ಮೇಲೆ ಅಕ್ಕರೆಯಿರುವವನು. ಆದರೆ ಯಾವ ಸಾಧನವನ್ನು ನೋಡಿದರೂ ಅದರ ಜಾಣತನವೇ ಅವನ ಕಣ್ಣಿಗೆ ಮೊದಲು ಬೀಳುತ್ತದೆ, ಅದನ್ನು ಯಾರ ಎದುರಿಗೆ ಹಿಡಿದು ಕೂರಬೇಕು ಎಂಬುದು ಬೀಳುವುದಿಲ್ಲ. ನಾನೂ ಒಪ್ಪಿಕೊಂಡೆ. ತೀರ್ಥಹಳ್ಳಿಯಿಂದ ಒಳಗೆ, ಕಾಡಿನ ಅಂಚಿನಲ್ಲಿರುವ ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಮೇಲಿನ ಗುಡ್ಡಕ್ಕೆ ಹತ್ತಬೇಕು, ಗಾಳಿಮಳೆಗೆ ಕರೆಂಟು ಹೋದರೆ ಎರಡು ದಿನ ಫೋನೇ ಏಳುವುದಿಲ್ಲ. ತೋಟದ ಕೆಲಸ ಮನೆಯವರದು, ಲೆಕ್ಕ ನನ್ನದು. ಇಪ್ಪತ್ತಾರು ವರ್ಷದಿಂದ ಉದ್ದದ ರೂಲ್ಡ್ ಪುಸ್ತಕದಲ್ಲಿ ಬರೆದಿಡುತ್ತಿದ್ದ ಆ ಲೆಕ್ಕವನ್ನು ಈ ಕೊಯ್ಲಿನಲ್ಲಿ ಪೂರ್ತಿಯಾಗಿ ಯಂತ್ರಕ್ಕೆ ಹತ್ತಿಸಿ ಪರೀಕ್ಷಿಸಬೇಕೆಂದು ನಿರ್ಧರಿಸಿ, ಪುಸ್ತಕವನ್ನು ಕಪಾಟಿನಲ್ಲಿಟ್ಟೆ.

ಒಂಬತ್ತು ದಿನದ ಅನುಭವವನ್ನು ನ್ಯಾಯವಾಗಿ ಹೇಳಬೇಕೆಂದರೆ, ಯಂತ್ರ ನನಗೆ ಇಷ್ಟವಾಯಿತು. ಗುಂಡಿ ಒತ್ತಿದ ಕ್ಷಣದಲ್ಲಿ ಅದು ಏಳುತ್ತದೆ, ಕಾಯಿಸುವುದಿಲ್ಲ. ಎರಡು ಸಣ್ಣ ಸೆಲ್ಲು ಹಾಕಿದರೆ ವಾರಗಟ್ಟಲೆ ನಡೆಯುತ್ತದೆ. ದಿನಚರಿ, ವಿಳಾಸ, ಮಾಡಬೇಕಾದ ಕೆಲಸ, ಟಿಪ್ಪಣಿ ಎಂದು ನಾಲ್ಕಕ್ಕೆ ನಾಲ್ಕು ಗುಂಡಿಗಳಿವೆ; ಅದಕ್ಕಿಂತ ಹೆಚ್ಚಿನದನ್ನು ಕಲಿಯಬೇಕಾಗಿಲ್ಲ. ನನಗೆ ಬಹಳ ಹಿಡಿಸಿದ್ದು ಅದರ ಪರದೆ. ಕೊಯ್ಲಿನ ದಿನಗಳಲ್ಲಿ ನಮ್ಮ ಬೆರಳುಗಳಲ್ಲಿ ಅಡಿಕೆಯ ಚೊಗರಿನ ಕಪ್ಪು, ಅಂಟು ಇದ್ದೇ ಇರುತ್ತದೆ, ಒದ್ದೆಯೂ ಇರುತ್ತದೆ. ಇಂದಿನ ಫೋನಿನ ಗಾಜು ಅಂಥ ಬೆರಳನ್ನು ಗುರುತಿಸಲು ತಕರಾರು ಮಾಡುತ್ತದೆ. ಈ ಹಳೆಯ ಪರದೆ ಒತ್ತಡಕ್ಕೆ ಸ್ಪಂದಿಸುವಂಥದ್ದು, ಆದ್ದರಿಂದ ಕಡ್ಡಿಯಿಂದ ಒತ್ತಿದರೂ ಉಗುರಿನಿಂದ ಒತ್ತಿದರೂ ಅದಕ್ಕೆ ಒಂದೇ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನವನ್ನೂ, ನಲವತ್ತು ದಿನ ಕಳೆದು ಎರಡನೆಯ ಸಲ ಹೊಡೆಯುವ ದಿನವನ್ನೂ ಅದರ ದಿನಚರಿಯಲ್ಲಿ ಗುರುತು ಹಾಕಿ, ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಪಕ್ಕದಲ್ಲೇ ಬರೆದಿಟ್ಟೆ. ಆ ದಿನ ಬಂದಾಗ ಅದು ಕೂಗಿ ಎಬ್ಬಿಸುತ್ತದೆ. ಗೋಡೆಯ ಕ್ಯಾಲೆಂಡರಿಗೆ ಆ ಶಕ್ತಿಯಿಲ್ಲ.

ಕೊರತೆಗಳೂ ಇವೆ. ಬರೆದದ್ದೆಲ್ಲವೂ ಸೆಲ್ಲಿನ ಶಕ್ತಿಯಲ್ಲಿ ಉಳಿಯುವ ನೆನಪಿನಲ್ಲಿರುತ್ತದೆ. ಸೆಲ್ಲು ಬದಲಿಸುವಾಗ ತಡಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ. ಕಂಪ್ಯೂಟರಿಗೆ ಜೋಡಿಸಿ ಪ್ರತಿ ತೆಗೆದಿಡೋಣವೆಂದರೆ ಅದರ ತಂತಿ ಸೇರುವ ಒಂಬತ್ತು ಪಿನ್ನಿನ ಕಿಂಡಿ ಅಣ್ಣನ ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲ. ದಿನಚರಿ 2031ಕ್ಕೆ ಕೊನೆಗೊಳ್ಳುತ್ತದೆ, ಅದರಾಚೆಗೆ ಅದಕ್ಕೆ ವರ್ಷವೇ ಇಲ್ಲ. ಈ ಮಳೆಗಾಲದಲ್ಲಿ ನಾವು ನೆಟ್ಟ ಸಸಿಗಳು ಮೊದಲ ಫಸಲು ಕಾಣುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇವನ್ನೆಲ್ಲ ನಾನು ಸಹಿಸಿಕೊಳ್ಳಲು ಸಿದ್ಧಳಿದ್ದೆ.

ಆದರೆ ಅದಕ್ಕೆ ಕನ್ನಡ ಬಾರದು. ಪರದೆಯ ಕೆಳಗಿನ ಪುಟ್ಟ ಚೌಕದಲ್ಲಿ ಕಡ್ಡಿಯಿಂದ ಒಂದೊಂದೇ ಇಂಗ್ಲಿಷ್ ಅಕ್ಷರ ಬರೆಯಬೇಕು. ಗ್ರಾಫಿಟಿ ಎಂದು ಆ ಬರವಣಿಗೆಯ ಹೆಸರು. ಯಂತ್ರಕ್ಕೆ ಸುಲಭವಾಗಲೆಂದು ಬಹುತೇಕ ಅಕ್ಷರಗಳನ್ನೂ ಕಡ್ಡಿ ಎತ್ತದೆ ಒಂದೇ ಎಳೆಯಲ್ಲಿ ಬರೆಯುವಂತೆ ರೂಪಿಸಿದ್ದಾರೆ, 'ಎ' ಬರೆಯುವಾಗ ನಡುವಿನ ಅಡ್ಡಗೆರೆಯನ್ನೇ ಬಿಟ್ಟುಬಿಡಬೇಕು. ಇಪ್ಪತ್ತಾರು ಅಕ್ಷರದ ಭಾಷೆಗೆ ಅದು ಚಂದದ ಉಪಾಯ, ಎರಡು ದಿನದಲ್ಲಿ ಕೈಗೆ ಹತ್ತಿತು. ಅಕ್ಷರದ ತಲೆಗೆ ಗುಣಿತ, ಕಾಲಿಗೆ ಒತ್ತು ಬರುವ ನಮ್ಮ ಲಿಪಿಗೆ ಒಂದೇ ಎಳೆಯ ಲೆಕ್ಕ ಹೊಂದುವುದಿಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ರೂಪಿಸಿದಾಗ ವ್ಯಂಜನ, ಸ್ವರ, ಒತ್ತುಗಳು ಬೇರೆ ಬೇರೆ ಕೀಲಿಯಿಂದ ಬಂದು ಪರದೆಯ ಮೇಲೆ ತಾವಾಗಿ ಕೂಡಿಕೊಳ್ಳುವಂತೆ ಮಾಡಿದರಲ್ಲ, ಅಂಥ ಆಲೋಚನೆ ನಮ್ಮ ಭಾಷೆಯ ಒಳಗಿನಿಂದಲೇ ಹುಟ್ಟಬೇಕಾಗಿತ್ತು. ಈ ಯಂತ್ರವನ್ನು ಮಾಡಿದವರ ಎದುರಿಗೆ ನಮ್ಮ ಭಾಷೆ ಇರಲಿಲ್ಲ, ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಹೆಸರುಗಳನ್ನು ಪೂರ್ತಿ ಬರೆಯಲು ಹೊತ್ತಾಗುತ್ತದೆಂದು ಪ್ರತಿಯೊಬ್ಬರ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬರೆದುಕೊಳ್ಳುವ ಪದ್ಧತಿ ಇಟ್ಟುಕೊಂಡವಳು ನಾನು.

ಹಿರಿಯಾಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಒಂದು 'ಳ' ಇದೆ, ಒಂದು ಒತ್ತಕ್ಷರವಿದೆ ಎಂದಷ್ಟೇ ಹೇಳುತ್ತೇನೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನಿನ ಬೆಳಕಿನಲ್ಲಿ ರಾತ್ರಿ ತರಗತಿಗೆ ಹೋಗಿ ಅವರು ಅಕ್ಷರ ಕಲಿತರು. ಪತ್ರಿಕೆ ಓದುವಷ್ಟು ಮುಂದೆ ಹೋಗಲಿಲ್ಲ, ಆದರೆ ತನ್ನ ಹೆಸರು, ಊರಿನ ಹೆಸರು, ಅಂಕಿಗಳು ಅವರಿಗೆ ತಿಳಿಯುತ್ತವೆ. ನನ್ನ ಪುಸ್ತಕದಲ್ಲಿ ತನ್ನ ಹೆಸರಿನ ಸಾಲನ್ನು ಬೆರಳಿನಿಂದ ಹುಡುಕಿ, 'ಳ'ದ ಹತ್ತಿರ ಬಂದಾಗ ಬೆರಳನ್ನು ಒಂದು ಗಳಿಗೆ ನಿಲ್ಲಿಸಿ, ನಂತರ ಬಲಗಡೆಗೆ ಅಂಕಿಯವರೆಗೆ ಸರಿಸುತ್ತಿದ್ದರು. ಇಷ್ಟು ವರ್ಷ ಪ್ರತಿ ರಾತ್ರಿ ನನ್ನ ಕಣ್ಣೆದುರೇ ಇದು ನಡೆದಿತ್ತು. ಅದು ನಮ್ಮ ಲೆಕ್ಕದ ಅರ್ಧ ಭಾಗ ಎಂಬುದು ನನಗೆ ಹೊಳೆದಿರಲಿಲ್ಲ. "ಇದು ನನ್ನ ಹೆಸ್ರಾ?" ಎಂದು ಅವರು ಕೇಳಿದಾಗ ಪರದೆಯ ಮೇಲೆ ಅವರ ಬೆರಳಿಗೆ ನಿಲ್ಲಲು ಜಾಗವಿರಲಿಲ್ಲ. ನಾನು ಓದಿ ಹೇಳಿದ್ದನ್ನು ಅವರು ನಂಬಬೇಕಾಯಿತು. ಅವರಿಗೆ ನನ್ನ ಮೇಲೆ ಅನುಮಾನವಿರಲಿಲ್ಲ ಎಂದು ನನಗೆ ಗೊತ್ತು. ಆದರೂ ನಂಬುವುದಕ್ಕೂ ನೋಡುವುದಕ್ಕೂ ನಡುವೆ ಇರುವ ವ್ಯತ್ಯಾಸವನ್ನು ಆ ಒಂದು ಪ್ರಶ್ನೆ ಬಿಡಿಸಿಟ್ಟಿತು. ಮನೆಯವರಿಗೆ ಹೇಳಿದಾಗ, "ಲೆಕ್ಕ ಸರಿಯಿದ್ದರೆ ಸಾಕಲ್ಲ, ಅದಕ್ಕೇಕೆ ಇಷ್ಟು ಯೋಚನೆ" ಎಂದರು. ಅವರು ಮೋಸವರಿಯದ ಮನುಷ್ಯ, ತಾನು ಮೋಸ ಮಾಡುವುದಿಲ್ಲವೆಂಬುದೇ ಎದುರಿನವರಿಗೆ ಸಾಕು ಎಂದು ತಿಳಿದವರು.

ಮರುದಿನ ಬೆಳಿಗ್ಗೆ ಕಪಾಟಿನಿಂದ ಪುಸ್ತಕ ತೆಗೆದು, ಯಂತ್ರದಲ್ಲಿದ್ದ ಅಷ್ಟೂ ದಿನದ ಲೆಕ್ಕವನ್ನು ಕನ್ನಡದಲ್ಲಿ, ಪೂರ್ಣ ಹೆಸರುಗಳೊಂದಿಗೆ ಬರೆದೆ. ಶುಕ್ರವಾರ ರಾತ್ರಿ ಅದನ್ನು ಎಲ್ಲರ ನಡುವೆ ಇಟ್ಟೆ. ಹಿರಿಯಾಕೆ ಮೊದಲು ತಮ್ಮ ಸಾಲನ್ನು ನೋಡಿದರು, ಬೆರಳು ಎಂದಿನಂತೆ ನಿಂತು ಮುಂದೆ ಹೋಯಿತು. ಪುಸ್ತಕ ಕೈಯಿಂದ ಕೈಗೆ ಹೋಗಿ ನಾಲ್ಕನೆಯವರ ಬಳಿ ತಲುಪಿದಾಗ ಅವರು ಹುಬ್ಬು ಗಂಟಿಕ್ಕಿ, "ಸೋಮವಾರ ನಾನು ಬಂದೇ ಇರ್ಲಿಲ್ಲ ಅಮ್ಮಾ, ತವರಿಗೆ ಹೋಗಿದ್ದೆ. ಇಲ್ಲಿ ನಾಲ್ಕು ಡಬ್ಬ ಅಂತ ಬರ್ದಿದ್ದೀರಲ್ಲ" ಎಂದರು. ನನಗೆ ಒಮ್ಮೆ ಮೈ ತಣ್ಣಗಾಯಿತು. ಸುಲಿಯುವವರಲ್ಲಿ ಇಬ್ಬರ ಹೆಸರುಗಳು ಇಂಗ್ಲಿಷಿನ ಅದೇ ಮೂರು ಅಕ್ಷರದಿಂದ ಆರಂಭವಾಗುತ್ತವೆ. ಗುರುತಿಗೆಂದು ಚಿಕ್ಕವಳ ಹೆಸರಿನ ಮುಂದೆ ಎರಡು ಎಂಬ ಅಂಕಿ ಸೇರಿಸುತ್ತಿದ್ದೆ. ಸೋಮವಾರ ಆ ಅಂಕಿಯನ್ನು ಸೇರಿಸಲು ಮರೆತಿದ್ದೆ. ಅವಳ ನಾಲ್ಕು ಡಬ್ಬ ಇನ್ನೊಬ್ಬರ ಲೆಕ್ಕಕ್ಕೆ ಸೇರಿಹೋಗಿತ್ತು.

ಆ ಚಿಕ್ಕವಳು ಬಯಲುಸೀಮೆಯಿಂದ ಮದುವೆಯಾಗಿ ಬಂದವಳು, ಅಡಿಕೆ ಸುಲಿಯುವುದಕ್ಕೆ ಈ ವರ್ಷವೇ ಮೊದಲು. ಅವಳು ಗೋಡೆಯ ಬದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಸೋಮವಾರದ ಲೆಕ್ಕ ತನ್ನದು ಎಂದು ನಿನಗೆ ನೆನಪಿರಲಿಲ್ಲವೇ, ನಿನ್ನೆ ಎಲ್ಲರ ಲೆಕ್ಕ ಓದುವಾಗ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಮೆಲ್ಲಗೆ, "ನೀವು ಬರ್ಕೊಂಡಿದ್ರಲ್ಲ ಅಮ್ಮಾ" ಎಂದಳು.

ಹಿರಿಯಾಕೆಯ ಪ್ರಶ್ನೆಗಿಂತ ಈ ಮಾತು ನನ್ನನ್ನು ಹೆಚ್ಚು ಅಲುಗಿಸಿದೆ, ಇದನ್ನು ಬರೆಯುವ ಹೊತ್ತಿಗೂ ಕಿವಿಯಲ್ಲಿದೆ. ಪ್ರಶ್ನೆ ಕೇಳಿದವರ ಲೆಕ್ಕ ಸರಿಯಿತ್ತು. ಲೆಕ್ಕ ತಪ್ಪಿದವಳು ಕೇಳಲಿಲ್ಲ. ಅವಳಿಗೆ ಓದಲು ಬರುತ್ತದೆ, ಏಳನೆಯ ತರಗತಿಯವರೆಗೆ ಓದಿದ್ದಾಳೆ. ಆದರೆ ಹೊಸ ಊರು, ಹೊಸ ಮನೆ, ಎದುರಿಗೆ ಕಡ್ಡಿ ಹಿಡಿದು ಯಂತ್ರದ ಮೇಲೆ ಏನೋ ಗೀಚುತ್ತಿರುವ ಮನೆಯೊಡತಿ. ಬರೆದಿದ್ದೇ ಸರಿಯಿರಬೇಕು, ತನ್ನ ನೆನಪೇ ತಪ್ಪಿರಬೇಕು ಎಂದು ಅವಳು ನಾಲ್ಕು ದಿನ ಸುಮ್ಮನಿದ್ದಳು. ಪುಸ್ತಕದಲ್ಲಿಯೂ ನಾನು ತಪ್ಪು ಬರೆದದ್ದುಂಟು. ಆಗೆಲ್ಲ ಏಳು ಜೊತೆ ಕಣ್ಣುಗಳು ಅದನ್ನು ಅಂದೇ ಹಿಡಿದಿವೆ, ನಾನು ಹೊಡೆದುಹಾಕಿ ಪಕ್ಕದಲ್ಲಿ ಸರಿಪಡಿಸಿದ ಗುರುತುಗಳು ಪುಟಪುಟದಲ್ಲೂ ಇವೆ.

1992ರಲ್ಲಿ ಆಪಲ್ ಸಂಸ್ಥೆಯ ಜಾನ್ ಸ್ಕಲಿ ಇಂಥ ಯಂತ್ರಗಳಿಗೆ ಪರ್ಸನಲ್ ಡಿಜಿಟಲ್ ಅಸಿಸ್ಟೆಂಟ್ ಎಂಬ ಹೆಸರನ್ನು ಬಳಕೆಗೆ ತಂದರು. 1996ರಲ್ಲಿ ಬಂದ, ಈ ಪಾಮ್ ಯಂತ್ರದ ಪೂರ್ವಜನಾದ ಮೊದಲ ಪೈಲಟ್ ಯಂತ್ರದ ಹಿಂದಿದ್ದ ಜೆಫ್ ಹಾಕಿನ್ಸ್, ಅದನ್ನು ತಯಾರಿಸುವ ಮುನ್ನ ಅಷ್ಟೇ ಗಾತ್ರದ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಾಡಿ, ಯಾರಾದರೂ ಭೇಟಿಯ ಸಮಯ ಕೇಳಿದರೆ ಅದನ್ನೇ ತೆಗೆದು ಬರೆದುಕೊಂಡಂತೆ ನಟಿಸಿ, ದಿನಬಳಕೆಗೆ ಅದು ಒಗ್ಗುತ್ತದೆಯೇ ಎಂದು ಪರೀಕ್ಷಿಸಿದರು. ಎಷ್ಟು ಶ್ರದ್ಧೆಯ ಪರೀಕ್ಷೆ ಅದು! ಆದರೆ ಆ ಜೇಬು ಒಬ್ಬರದು. ಭೇಟಿಯ ದಿನ, ಗೆಳೆಯರ ವಿಳಾಸ, ನನ್ನ ಕೆಲಸಗಳ ಪಟ್ಟಿ, ಇವುಗಳಿಗೆ ಒಬ್ಬರ ಜೇಬು ಸಾಕು. ಸುಲಿತದ ಲೆಕ್ಕ ಆ ಬಗೆಯದಲ್ಲ. ಅದು ನನ್ನದೆಷ್ಟೋ ಅವರದೂ ಅಷ್ಟೇ, ನಾನು ಅದನ್ನು ಬರೆದಿಡುವವಳು ಮಾತ್ರ. ಹಾಗಾದರೆ ಫೋನಿನಲ್ಲಿ ಕನ್ನಡದಲ್ಲಿಯೇ ಬರೆಯಬಹುದಲ್ಲ ಎಂದು ಅಣ್ಣನ ಮಗ ಕೇಳಿದ. ಬರೆಯಬಹುದು, ಲಿಪಿಯ ತೊಡಕು ಅಲ್ಲಿಲ್ಲ. ಆದರೆ ತನ್ನ ಫೋನನ್ನು ಏಳು ಜನರ ಕೈಗೆ ದಾಟಿಸಿ ನೋಡಿಕೊಳ್ಳಿ ಎಂದು ಯಾರು ಬಿಟ್ಟುಕೊಡುತ್ತಾರೆ, ಇನ್ನೊಬ್ಬರ ಫೋನಿನ ಪರದೆಯ ಮೇಲೆ ಧೈರ್ಯವಾಗಿ ಬೆರಳಿಡುವವರು ಎಷ್ಟು ಮಂದಿ?

ನಮ್ಮವರೇ ಇದನ್ನು ಯೋಚಿಸಿದ್ದರು ಎಂಬುದು ನನಗೆ ಈಗ ಹೆಚ್ಚು ಬೆಲೆಯುಳ್ಳ ಸಂಗತಿಯಾಗಿ ಕಾಣುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್ ಕೂಡ ಅಂಗೈಯಲ್ಲಿ ಹಿಡಿಯುವ ಯಂತ್ರವೇ. ಭಾರತೀಯ ಭಾಷೆಗಳಲ್ಲಿ ತೋರಿಸುವ, ಓದಲಾಗದವರಿಗೆ ಅದನ್ನು ಧ್ವನಿಯಲ್ಲಿ ಕೇಳಿಸುವ ಉದ್ದೇಶ ಅದಕ್ಕಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು, ತಮ್ಮ ತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳುವ ಏರ್ಪಾಡೂ ಇತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೂ ಬಂತು, ಆದರೆ ನಿರೀಕ್ಷಿಸಿದಷ್ಟು ಮಂದಿ ಕೊಳ್ಳಲಿಲ್ಲ. ಅದು ನಮ್ಮ ಜಗಲಿಯವರೆಗೆ ಬಂದಿದ್ದರೆ ಹಿರಿಯಾಕೆ ತಮ್ಮ ಕಾರ್ಡು ಹಾಕಿ ತಮ್ಮ 'ಳ'ವನ್ನು ನೋಡುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ.

ಪಾಮ್ ಯಂತ್ರವನ್ನು ಹಿಂದಿರುಗಿಸುವುದಿಲ್ಲ ಎಂದು ಅಣ್ಣನ ಮಗನಿಗೆ ತಿಳಿಸಿದ್ದೇನೆ. ಔಷಧಿಯ ದಿನಗಳು, ಗೊಬ್ಬರ ತರಿಸಿದ ದಿನ, ಮಂಡಿಗೆ ಕಳಿಸಿದ ಮೂಟೆಗಳ ತೂಕ, ನನ್ನ ಕಣ್ಣಿನ ಡಾಕ್ಟರರನ್ನು ನೋಡಲು ಶಿವಮೊಗ್ಗೆಗೆ ಹೋಗಬೇಕಾದ ತಾರೀಕು, ಇಷ್ಟೂ ಅದರಲ್ಲಿವೆ. ಸುಲಿತದ ಪುಸ್ತಕಕ್ಕೆ ಜಗಲಿಯ ಕಂಬದಲ್ಲಿ ಒಂದು ಮೊಳೆ ಹೊಡೆಸಿ, ಪೆನ್ನನ್ನು ದಾರದಲ್ಲಿ ಕಟ್ಟಿ, ನಾನಿಲ್ಲದಾಗಲೂ ಎಲ್ಲರ ಕೈಗೆ ಸಿಗುವಂತೆ ತೂಗುಹಾಕಿದ್ದೇನೆ.

ಶನಿವಾರ ಬಟವಾಡೆಯ ದಿನ. ಆ ಹುಡುಗಿಗೆ ಸೋಮವಾರದ ನಾಲ್ಕು ಡಬ್ಬದ ಹಣವನ್ನೂ ಸೇರಿಸಿ ಕೊಟ್ಟು, ತಪ್ಪು ನನ್ನದು ಎಂದು ಎಲ್ಲರ ಎದುರಿಗೆ ಹೇಳಿದೆ. ಅವಳು ಹಣವನ್ನು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಹೊರಟವಳು ಕಂಬದ ಹತ್ತಿರ ನಿಂತು, ಪುಸ್ತಕವನ್ನು ಮೊಳೆಯಿಂದ ತೆಗೆದು, ಒಂದು ಪುಟ ಹಿಂದಕ್ಕೆ ತಿರುಗಿಸಿ ಸೋಮವಾರದ ಸಾಲನ್ನು ಹುಡುಕಿದಳು.