ಇಳಿಜಾರು ಕೊಡುವ ಕರೆಂಟು

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಕುಮಟಾದಿಂದ ಶಿರಸಿ ಕಡೆಯ ನಮ್ಮ ಹಳ್ಳಿಗೆ ಹೊರಡುತ್ತೇನೆ. ಭಾನುವಾರ ಸಂಜೆ ಮತ್ತೆ ಘಟ್ಟ ಇಳಿಯುತ್ತೇನೆ. ಹನ್ನೆರಡು ವರ್ಷಗಳಿಂದ ಇದೇ ಕ್ರಮ. ಕುಮಟಾ ಮತ್ತು ಶಿರಸಿಯ ನಡುವೆ ಸುಮಾರು 60 ಕಿಲೋಮೀಟರ್ ದಾರಿ, ಅದರ ಹೃದಯದಲ್ಲಿ ದೇವಿಮನೆ ಘಟ್ಟ. ರಸ್ತೆ ಅಗಲ ಮಾಡುವ ಕೆಲಸಕ್ಕೆ ಘಟ್ಟ ಮುಚ್ಚಿದ ದಿನಗಳಲ್ಲಿ ದೊಡ್ಡಮನೆ ಘಟ್ಟ ಹತ್ತಿ ಸಿದ್ದಾಪುರ ಸುತ್ತಿ ಹೋಗಿದ್ದೇನೆಯೇ ಹೊರತು ವಾರ ತಪ್ಪಿಸಿದ್ದು ಕಡಿಮೆ. ಊರಿನಲ್ಲಿ ಅಪ್ಪಯ್ಯ, ಆಯಿ ಇಬ್ಬರೇ ಇದ್ದಾರೆ.

ಘಟ್ಟ ಇಳಿದು ಕತಗಾಲಕ್ಕೆ ಬಂದು ಗಾಡಿ ನಿಲ್ಲಿಸಿದಾಗ ಮುಂದಿನ ಚಕ್ರಗಳ ಕಡೆಯಿಂದ ಒಂದು ವಾಸನೆ ಬರುತ್ತದೆ. ಬ್ರೇಕ್ ಪ್ಯಾಡ್ ಕಾದ ವಾಸನೆ. ಎರಡನೇ ಗೇರಿನಲ್ಲಿ ಎಷ್ಟೇ ಜೋಪಾನವಾಗಿ ಇಳಿದರೂ, ಎದುರಿಗೊಂದು ತುಂಬಿದ ಲಾರಿ ಸಿಕ್ಕಿತೆಂದರೆ ಬ್ರೇಕಿನ ಮೇಲಿನ ಕಾಲು ತೆಗೆಯುವ ಹಾಗಿಲ್ಲ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳು. ಪ್ರಚ್ಛನ್ನ ಶಕ್ತಿಯ ಪಾಠ ಮಾಡುವಾಗಲೆಲ್ಲ ಆ ವಾಸನೆ ನೆನಪಾಗುತ್ತದೆ. ಹತ್ತುವಾಗ ಡೀಸೆಲ್ ಸುಟ್ಟು ಸಂಪಾದಿಸಿದ ಎತ್ತರವನ್ನು ಇಳಿಯುವಾಗ ಬ್ರೇಕಿನಲ್ಲಿ ಬಿಸಿಯಾಗಿ ಗಾಳಿಗೆ ಬಿಟ್ಟುಬಿಡುತ್ತೇವೆ. ಲೆಕ್ಕ ಸುಲಭ. 1,400 ಕಿಲೋ ತೂಗುವ ಕಾರು 400 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಹತ್ತಿರಹತ್ತಿರ ಒಂದೂವರೆ ಯೂನಿಟ್ ವಿದ್ಯುತ್ತಿಗೆ ಸಮ. ಮನೆಯ ಮಿಕ್ಸರ್ ಎರಡು ಮೂರು ತಾಸು ಒಂದೇ ಸಮ ಓಡುವಷ್ಟು. ಅದರಲ್ಲಿ ಒಂದು ಪಾಲು ಗಾಳಿಯ ತಡೆಗೂ ಟಯರಿನ ಉಜ್ಜಾಟಕ್ಕೂ ಹೋಗುತ್ತದೆ ಎಂದಿಟ್ಟುಕೊಂಡರೂ, ಉಳಿದದ್ದು ವಾರವಾರವೂ ವ್ಯರ್ಥವಾಗುತ್ತಿದೆ ಎಂಬುದು ನನ್ನನ್ನು ನಿಜವಾಗಿಯೂ ಕಾಡುತ್ತಿತ್ತು.

ನನ್ನದು 2013ರಲ್ಲಿ ಕೊಂಡ ಡೀಸೆಲ್ ಸ್ವಿಫ್ಟ್. ಬರೀ 75 ಪಿಎಸ್ ಶಕ್ತಿ, ಆದರೆ 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಘಟ್ಟ ಹತ್ತಿಸುವುದು ಎರಡನೆಯ ಅಂಕಿ ಎಂಬುದನ್ನು ಇಲ್ಲಿ ಗಾಡಿ ಓಡಿಸುವವರೆಲ್ಲ ಬಲ್ಲರು. ಅಂಥದ್ದೇ ಇನ್ನೊಂದು ಸಿಕ್ಕಿದ್ದರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದೆ. ಆದರೆ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 6 ನಿಯಮ ಬಂದ 2020ರ ಏಪ್ರಿಲ್‌ನಲ್ಲಿ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹಾಗಾಗಿ ಕಳೆದ ಒಂದು ವರ್ಷ ಹೊಸ ಕಾರುಗಳನ್ನು ಓದುವುದು, ನೋಡುವುದು, ಯಾರದ್ದಾದರೂ ಸಿಕ್ಕರೆ ಓಡಿಸಿ ನೋಡುವುದು ನಡೆದೇ ಇತ್ತು.

ತರಗತಿಯ ಹುಡುಗರು ಮೊಬೈಲಿನಲ್ಲಿ ತೋರಿಸುವ ಕಾರುಗಳು ಬೇರೆ. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಅವರ ಕಣ್ಮಣಿ. ಹ್ಯಾಚ್‌ಬ್ಯಾಕಿನ ಆಕಾರದಲ್ಲಿ 265 ಪಿಎಸ್ ಶಕ್ತಿ, ಆರು ಸೆಕೆಂಡಿನೊಳಗೆ ನೂರರ ವೇಗ, ಬಂದಾಗ 53 ಲಕ್ಷ ರೂಪಾಯಿ. ಸೆಡಾನ್‌ಗಳಲ್ಲಾದರೆ ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು. 2024ರ ಡಿಸೆಂಬರಿನಲ್ಲಿ ಹೊಸ ಮಾದರಿ ಬಂದಾಗ 48 ಲಕ್ಷ. ಅಷ್ಟು ದೊಡ್ಡ ಕಾರು ಲೀಟರಿಗೆ 25.49 ಕಿಲೋಮೀಟರ್ ಕೊಡುತ್ತದೆ ಎಂಬ ಪ್ರಮಾಣಪತ್ರ ಹೊಂದಿರುವುದು ನನಗೆ ಈಗಲೂ ಬೆರಗೇ. ಇವೆರಡನ್ನೂ ಕೊಳ್ಳುವವರು ಬೇರೆಯೇ ಇದ್ದಾರೆ. ನನ್ನ ಎಟುಕಿಗೆ ಬಂದವು ಹೋಂಡಾ ಸಿಟಿ ಹೈಬ್ರಿಡ್ ಮತ್ತು ಹುಂಡೈ ಐ20 ಎನ್ ಲೈನ್. ಎರಡೂ ಒಂದೇ ದೊಡ್ಡಹಬ್ಬದಲ್ಲಿ ನಮ್ಮ ಅಂಗಳಕ್ಕೆ ಬಂದು ನಿಂತವು. ಐ20 ನನ್ನ ತಮ್ಮನದು, ಅಂದರೆ ಚಿಕ್ಕಪ್ಪನ ಮಗನದು, ಬೆಂಗಳೂರಿನಿಂದ ಬಂದದ್ದು. ಸಿಟಿ ಕಾರವಾರದಲ್ಲಿರುವ ನನ್ನ ಗೆಳತಿಯದು. ಹಬ್ಬಕ್ಕೆಂದು ಬಂದವಳು ಮೂರು ದಿನ ಇದ್ದಳು.

ಮೊದಲು ಐ20. ಬಲಿಪಾಡ್ಯಮಿಯ ಮರುದಿನ ಬೆಳಿಗ್ಗೆ ತಮ್ಮ ಕೀಲಿ ಕೈಗಿತ್ತು ಪಕ್ಕದಲ್ಲಿ ಕುಳಿತ. ಘಟ್ಟ ಇಳಿದು, ಕತಗಾಲದಲ್ಲಿ ತಿರುಗಿಸಿ, ಮತ್ತೆ ಹತ್ತುವುದೆಂದು ನಿಶ್ಚಯ. ಒಂದು ಲೀಟರ್‌ಗೂ ತುಸು ಕಡಿಮೆ ಗಾತ್ರದ, ಮೂರೇ ಸಿಲಿಂಡರಿನ ಎಂಜಿನ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವುದರಿಂದ 120 ಪಿಎಸ್ ಮತ್ತು 172 ನ್ಯೂಟನ್ ಮೀಟರ್ ಬರುತ್ತದೆ. ನನ್ನ ಹಳೆಯ ಡೀಸೆಲಿಗಿಂತ ಟಾರ್ಕ್ ಕಡಿಮೆಯೇ. ಆದರೆ ಇಲ್ಲಿ ಅದು ನಿಮಿಷಕ್ಕೆ 1,500 ಸುತ್ತಿನಿಂದಲೇ ಸಿಗುತ್ತದೆ, 4,000ದವರೆಗೂ ಬಿಡದೆ ಹಿಡಿದಿರುತ್ತದೆ. ಹತ್ತುವಾಗಿನ ಮೊದಲ ಬಿಗಿ ತಿರುವಿನಲ್ಲಿ ನಾನು ಅಭ್ಯಾಸಬಲದಿಂದ ಎರಡನೇ ಗೇರಿಗೆ ಇಳಿಸಹೊರಟೆ.

"ಅಕ್ಕ, ಮೂರರಲ್ಲೇ ಬಿಡು," ಎಂದ ತಮ್ಮ.

ಬಿಟ್ಟೆ. ತಿರುವಿನ ಒಳಗೆ ಸೂಜಿ 1,500ಕ್ಕಿಂತ ಕೆಳಗೆ ಬಿದ್ದಾಗ ಒಂದು ಕ್ಷಣ ಎಂಜಿನ್ ಉಸಿರು ಹಿಡಿದಂತೆ ಸುಮ್ಮನಾಯಿತು. ಮತ್ತೆ ಕಾಲೊತ್ತಿದೆ. ಎಲ್ಲಿಂದಲೋ ಸಣ್ಣ ಸಿಳ್ಳೆಯಂಥ ಸದ್ದು, ಬೆನ್ನಿಗೆ ಸೀಟು ಒತ್ತಿತು, ಕಾರು ತಿರುವಿನಿಂದ ಹೊರಬಂದು ಏರನ್ನು ಏರೆಂದೇ ಲೆಕ್ಕಿಸದೆ ಓಡಿತು. ಮಾಮೂಲಿ ಐ20ಗಿಂತ ಸ್ಟಿಯರಿಂಗ್ ಬಿಗಿ, ಸಸ್ಪೆನ್ಷನ್ ಗಟ್ಟಿ. ತಿರುವಿನಲ್ಲಿ ಮೈ ಓಲಾಡುವುದಿಲ್ಲ. ಮುಂದಿನ ಟಯರು ರಸ್ತೆಯ ಯಾವ ಕಲ್ಲಿನ ಮೇಲಿದೆ ಎಂಬುದು ಅಂಗೈಗೆ ತಿಳಿಯುತ್ತದೆ. ನಲವತ್ತಾರನೇ ವಯಸ್ಸಿನಲ್ಲಿ ಕಾರು ಓಡಿಸುವ ಸಂತೋಷ ನನಗೆ ಹೊಸದಾಗಿ ಸಿಕ್ಕಿದ್ದು ಆ ಬೆಳಿಗ್ಗೆ. ವೇಗ ಐವತ್ತನ್ನೂ ದಾಟಿರಲಿಲ್ಲ. ಘಟ್ಟದಲ್ಲಿ ದಾಟಲೂಬಾರದು. ಕೈ, ಕಾಲು, ಕಿವಿ, ಗೇರು ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದರಲ್ಲಿ ಆ ಸುಖವಿದೆ.

ಇಳಿಯುವಾಗಿನ ಕತೆ ಬೇರೆಯೇ ಆಗಿತ್ತು. ಅಷ್ಟು ಸಣ್ಣ ಎಂಜಿನ್ ಗೇರಿನಲ್ಲಿ ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೆ. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಟ್ಟಿದ್ದಾರೆ, ಹಿಡಿತಕ್ಕೆ ಕೊರತೆಯಿಲ್ಲ. ಆದರೂ ಕೆಳಗೆ ನಿಂತಾಗ ಅದೇ ವಾಸನೆ. ಹೋಗಿಬಂದ ಒಟ್ಟು ದಾರಿಗೆ ಲೀಟರಿಗೆ 13 ಕಿಲೋಮೀಟರ್ ಎಂದು ಮೀಟರು ತೋರಿಸಿತು.

ಮಧ್ಯಾಹ್ನ ಹೋಂಡಾ ಸಿಟಿಯಲ್ಲಿ ಹೊರಟಾಗ ಅಪ್ಪಯ್ಯನೂ ಬಂದ. ಹೊರಡುವ ಮುಂಚೆ ಎಂಜಿನ್ ಶುರುವಾಗಲೇ ಇಲ್ಲವಲ್ಲ ಎಂದು ಎರಡು ಬಾರಿ ಕೇಳಿದ. ಹೈಬ್ರಿಡ್ ಎಂಬುದು ಹೊಸ ಮಾತಲ್ಲ, ಟೊಯೋಟಾ ಪ್ರಿಯಸ್ ಜಪಾನಿನಲ್ಲಿ 1997ರಲ್ಲೇ ಬಂದಿತ್ತು. ಆದರೆ ನಮ್ಮಲ್ಲಿ ಈ ದರ್ಜೆಯ ಸೆಡಾನಿಗೆ ಅದು ಬಂದದ್ದು 2022ರ ಮೇ ತಿಂಗಳಲ್ಲಿ, ಈ ಸಿಟಿಯಿಂದ. ಇದರಲ್ಲಿ ಊರೊಳಗಿನ ನಿಧಾನದ ಓಟಕ್ಕೆ ಪೆಟ್ರೋಲ್ ಎಂಜಿನ್ ಚಕ್ರವನ್ನು ತಿರುಗಿಸುವುದೇ ಇಲ್ಲ. ಅದು ಜನರೇಟರಿನ ಹಾಗೆ ಕರೆಂಟು ಮಾಡಿಕೊಡುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಮೋಟಾರಿನ ಟಾರ್ಕ್ 253 ನ್ಯೂಟನ್ ಮೀಟರ್, ನಿಂತ ಜಾಗದಿಂದಲೇ ಅಷ್ಟೂ ಸಿಗುತ್ತದೆ. ನನ್ನ ಡೀಸೆಲಿನ 190ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ದೇವಿಮನೆಯಲ್ಲಿ ನಿಲ್ಲಿಸಿ ಕೈಮುಗಿದು ಇಳಿಯತೊಡಗಿದೆವು. ಸ್ಟಿಯರಿಂಗಿನ ಹಿಂದೆ ಎರಡು ಸಣ್ಣ ಪ್ಯಾಡಲ್‌ಗಳಿವೆ. ಎಡಗಡೆಯದನ್ನು ಎಳೆದಷ್ಟೂ ಕಾರು ತಾನಾಗಿಯೇ ಹಿಡಿದುಕೊಂಡು ಇಳಿಯುತ್ತದೆ. ಮೋಟಾರೇ ಡೈನಮೊ ಆಗಿ ತಿರುಗಿ ಬ್ಯಾಟರಿ ತುಂಬುತ್ತದೆ. ಬ್ರೇಕಿನ ಮೇಲೆ ಕಾಲಿಡಬೇಕಾದದ್ದು ಎದುರಿಗೆ ಬಸ್ಸು ಬಂದಾಗ ಮಾತ್ರ. ಮೀಟರಿನ ಫಲಕದಲ್ಲಿ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಏರುತ್ತಿದ್ದವು. ಅಪ್ಪಯ್ಯ ಕನ್ನಡಕ ಸರಿ ಮಾಡಿಕೊಂಡು ಅದನ್ನೇ ನೋಡುತ್ತಿದ್ದ.

"ಇದು ಏನು ಏರುತ್ತಿರುವುದು?"

"ನಾವು ಇಳಿಯುತ್ತಿರುವುದಕ್ಕೆ ಕರೆಂಟು ಬರುತ್ತಿದೆ, ಅಪ್ಪಯ್ಯ."

"ಹಳ್ಳದ ಟರ್ಬೈನಿನ ಹಾಗೆ," ಎಂದ.

ನಮ್ಮ ತೋಟದ ಮೇಲ್ಭಾಗದಲ್ಲಿ ಒಂದು ಹಳ್ಳವಿದೆ. ಅದರ ನೀರನ್ನು ಪೈಪಿನಲ್ಲಿ ಇಳಿಸಿ, ಮನೆಯ ಹಿಂದೆ ಪುಟ್ಟ ಟರ್ಬೈನು ತಿರುಗಿಸಿ, ಮಳೆಗಾಲದಿಂದ ಚಳಿಗಾಲದ ನಡುವಿನವರೆಗೂ ಮನೆಗೆ ಬೆಳಕು ಮಾಡಿಕೊಳ್ಳುತ್ತೇವೆ. ಘಟ್ಟದ ಮೇಲಿನ ಎಷ್ಟೋ ಅಡಿಕೆ ತೋಟದ ಮನೆಗಳಲ್ಲಿ ಈ ವ್ಯವಸ್ಥೆ ಇದೆ. ನಾನು ಪಾಠ ಹೇಳಲು ಹೊರಟಿದ್ದೆ, ಅಪ್ಪಯ್ಯ ಆಗಲೇ ಉತ್ತರದಲ್ಲಿ ಕುಳಿತಿದ್ದ. ಅಷ್ಟೇ ಅಲ್ಲ, ಮುಂದಿನ ಪ್ರಶ್ನೆ ಇನ್ನೂ ಮೇಲಿನದು.

"ತುಂಬಿದ ಮೇಲೆ ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆ? ನಮ್ಮದು ಬಚ್ಚಲ ಹಂಡೆಗೆ ಹೋಗುತ್ತದಲ್ಲ."

ಮನೆಯಲ್ಲಿ ದೀಪಗಳು ಆರಿದಾಗ ಟರ್ಬೈನಿನ ಹೊರೆ ತಪ್ಪಿ ಅದು ಹುಚ್ಚೆದ್ದು ತಿರುಗಬಾರದೆಂದು, ಹೆಚ್ಚಾದ ಕರೆಂಟನ್ನು ನೀರು ಕಾಯಿಸುವ ಕಾಯಿಲಿಗೆ ಬಿಡುತ್ತೇವೆ. ಆ ಪ್ರಶ್ನೆ ಕೇಳಿ ಮುಗಿಸುವುದರೊಳಗೆ ಕಾರೇ ಉತ್ತರ ಕೊಟ್ಟಿತು. ಘಟ್ಟದ ಅರ್ಧಕ್ಕಿಂತ ಸ್ವಲ್ಪ ಮುಂದೆ ಬ್ಯಾಟರಿಯ ಗೆರೆಗಳು ತುದಿ ಮುಟ್ಟಿದವು, ಅಷ್ಟು ಹೊತ್ತು ಸುಮ್ಮನಿದ್ದ ಎಂಜಿನ್ ಜೋರಾಗಿ ಮೊರೆಯತೊಡಗಿತು. ಪೆಟ್ರೋಲ್ ಉರಿದು ಬಂದ ಸದ್ದಲ್ಲ ಅದು. ಬ್ಯಾಟರಿಯಲ್ಲಿ ಜಾಗವಿಲ್ಲದ ಕರೆಂಟು ಎಂಜಿನ್ನನ್ನು ಬರಿದೇ ತಿರುಗಿಸುತ್ತದೆ. ಹಾಗೆ ತಿರುಗಿಸುವ ಶ್ರಮದಲ್ಲಿ ಹೆಚ್ಚಿನ ಶಕ್ತಿ ಕರಗಿಹೋಗುತ್ತದೆ, ಕಾರು ಹಿಡಿತ ತಪ್ಪುವುದಿಲ್ಲ. ಇದೇ ಇದರ ಬಚ್ಚಲ ಹಂಡೆ ಎಂದು ಹೇಳಿದೆ. ಅಪ್ಪಯ್ಯ ತಲೆಯಾಡಿಸಿ, "ಬ್ಯಾಟರಿ ಸಣ್ಣದಾಯಿತು," ಎಂದ. ಸರಿಯಾದ ಮಾತು. ಇಂಥ ಹೈಬ್ರಿಡ್‌ಗಳ ಬ್ಯಾಟರಿ ಹಿಡಿಯುವುದು ಒಂದು ಯೂನಿಟ್‌ನ ಆಸುಪಾಸು. ಅದೂ ಯಾವತ್ತೂ ಪೂರ್ತಿ ಬರಿದಾಗಿರುವುದಿಲ್ಲ. ದೇವಿಮನೆ ಘಟ್ಟ ಕೊಡುವಷ್ಟನ್ನು ತೆಗೆದುಕೊಳ್ಳಲು ಅದರ ಹೊಟ್ಟೆ ಸಾಲದು. ಪೇಟೆಯ ಸಿಗ್ನಲ್‌ಗಳಲ್ಲಿ ನಿಂತು ಹೊರಡುವ ಓಟಕ್ಕೆ ಅಳತೆ ಮಾಡಿ ಹೊಲಿದ ಅಂಗಿ ಅದು.

ಹತ್ತುವಾಗ ಇದೇ ಮಾತಿನ ಇನ್ನೊಂದು ಮಗ್ಗುಲು ಕಂಡಿತು. ಮೊದಲ ಕೆಲವು ತಿರುವುಗಳನ್ನು ಸದ್ದಿಲ್ಲದೆ, ಕೂಡಿಟ್ಟ ಕರೆಂಟಿನಲ್ಲೇ ಏರಿದೆವು. ಆ ಮೌನದಲ್ಲಿ ಕಾಡಿನ ಜೀರುಂಡೆಯ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಆಮೇಲೆ ಬ್ಯಾಟರಿ ಇಳಿಯಿತು, ಎಂಜಿನ್ ಎದ್ದು ಒಂದೇ ಸ್ವರದಲ್ಲಿ ಕೂಗುತ್ತ ಮೇಲಿನವರೆಗೂ ಹಾಗೇ ಬಂದಿತು. ಕಿವಿಗೆ ಹಿತವಲ್ಲ. ಎಳೆತಕ್ಕೆ ಮಾತ್ರ ಏನೂ ಕಡಿಮೆಯಾಗಲಿಲ್ಲ. ಹೋಗಿಬಂದ ದಾರಿಗೆ 22 ಕಿಲೋಮೀಟರ್ ಎಂದಿತು ಮೀಟರು. ಕಾರು ಬಂದಾಗ ಪ್ರಮಾಣಪತ್ರದಲ್ಲಿದ್ದದ್ದು 26.5. ಘಟ್ಟದಲ್ಲಿ 22 ಸಿಗುವುದೆಂದರೆ ನನ್ನ ಲೆಕ್ಕದಲ್ಲಿ ದೊಡ್ಡ ಗೆಲುವು. ಕತಗಾಲದಲ್ಲಿ ನಿಂತಾಗ ನಾನು ಮುಂದಿನ ಚಕ್ರದ ಬಳಿ ಬಗ್ಗಿ ಮೂಸಿ ನೋಡಿದ್ದೆ. ವಾಸನೆ ಇರಲಿಲ್ಲ.

ಇಷ್ಟಾದ ಮೇಲೂ ತೊಡಕುಗಳಿವೆ. ಗೆಳತಿಯ ಮನೆ ಸಮುದ್ರಕ್ಕೆ ಹತ್ತಿರ. ಬ್ರೇಕ್ ಡಿಸ್ಕುಗಳ ಅಂಚಿನಲ್ಲಿ ಕೆಂಪು ತುಕ್ಕು ಕುಳಿತಿತ್ತು. ಉಪ್ಪುಗಾಳಿ ಎಲ್ಲ ಕಾರಿಗೂ ಒಂದೇ. ಆದರೆ ಮಾಮೂಲಿ ಕಾರಿನಲ್ಲಿ ಪ್ಯಾಡ್ ದಿನವೂ ಉಜ್ಜಿ ತುಕ್ಕನ್ನು ತೆಗೆಯುತ್ತದೆ. ಇಲ್ಲಿ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮೋಟಾರಿನದ್ದಾದ್ದರಿಂದ ಡಿಸ್ಕಿಗೆ ಉಜ್ಜಾಟ ಕಡಿಮೆ. ಕರಾವಳಿಯಲ್ಲಿ ಹೈಬ್ರಿಡ್ ಇಟ್ಟುಕೊಂಡವರು ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆ ನೋಡಿ ಬ್ರೇಕನ್ನು ನಾಲ್ಕಾರು ಸಲ ಗಟ್ಟಿಯಾಗಿ ಒತ್ತುವುದು, ಮಳೆಗಾಲಕ್ಕೆ ಮುಂಚೆ ಚಕ್ರ ಬಿಚ್ಚಿಸಿ ನೋಡಿಸುವುದು ಒಳ್ಳೆಯದು.

ತೆರಿಗೆಯ ವಿಷಯ ನನಗೆ ಬೇಸರ ತರಿಸಿದ್ದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ. 18. ಐ20 ಎನ್ ಲೈನ್ ಅದರೊಳಗೆ ಬರುತ್ತದೆ. ಸಿಟಿ ಹೈಬ್ರಿಡ್ ಉದ್ದದಲ್ಲೂ ಸಿಸಿಯಲ್ಲೂ ಮೀರಿದ್ದರಿಂದ ಶೇ. 40. ಅಳೆಯುವುದು ಉದ್ದವನ್ನು, ಹೊಗೆಯನ್ನಲ್ಲ. ಲೀಟರಿಗೆ 13 ಕೊಟ್ಟದ್ದಕ್ಕೆ ಕಡಿಮೆ, 22 ಕೊಟ್ಟದ್ದಕ್ಕೆ ಹೆಚ್ಚು ತೆರಿಗೆ ಕಟ್ಟುವುದು ಯಾವ ನ್ಯಾಯವೆಂದು ಯಾರಾದರೂ ನನಗೆ ತಿಳಿಸಿ ಹೇಳಬೇಕು. ಆರಂಭದಲ್ಲೇ ಹತ್ತೊಂಬತ್ತೂವರೆ ಲಕ್ಷಕ್ಕೆ ಬಂದ ಕಾರು ಅದು. ಬೆಲೆಯ ವ್ಯತ್ಯಾಸವನ್ನು ಪೆಟ್ರೋಲ್ ಉಳಿತಾಯದಲ್ಲಿ ಹಿಂಪಡೆಯಲು ನನ್ನ ವಾರದ ಓಡಾಟದಲ್ಲಿ ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಿ, ಹಾಳೆಯನ್ನು ಮಡಚಿಟ್ಟೆ.

ಆದರೂ ನಾನು ಹೈಬ್ರಿಡ್ಡನ್ನೇ ಕಾಯ್ದಿರಿಸಿದ್ದೇನೆ, ಹೋದ ವಾರ ಹುಬ್ಬಳ್ಳಿಯಲ್ಲಿ. ಹೃದಯದ ತಪಾಸಣೆಗೆಂದು ಅಪ್ಪಯ್ಯನನ್ನು ಮೂರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದೊಯ್ಯಬೇಕು. ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯೇ. ಘಟ್ಟ ಇಳಿದು, ಹೆದ್ದಾರಿ ಹಿಡಿದು, ಹೊನ್ನಾವರ, ಭಟ್ಕಳ ದಾಟಿ ಹೋಗುವ ದಾರಿಯಲ್ಲಿ ಐ20ಯ ಗಟ್ಟಿ ಸಸ್ಪೆನ್ಷನ್ ಅವನಿಗೆ ಶಿಕ್ಷೆ. ಹಬ್ಬದ ದಿನ ಸಿಟಿಯ ಹಿಂದಿನ ಸೀಟಿನಲ್ಲಿ ಕುಳಿತು ಬಂದ ಆಯಿಗೆ ಮನೆ ಮುಟ್ಟುವುದರೊಳಗೆ ಜೊಂಪು ಹತ್ತಿತ್ತು.

ಉಳಿದಿರುವ ಚಿಂತೆ ಡಿಕ್ಕಿಯದು. ಮಾಮೂಲಿ ಸಿಟಿಯಲ್ಲಿ 506 ಲೀಟರ್ ಜಾಗವಿದೆ, ಹೈಬ್ರಿಡ್ಡಿನಲ್ಲಿ ಬ್ಯಾಟರಿ ಕುಳಿತು 306ಕ್ಕೆ ಇಳಿದಿದೆ. ನಾಲ್ಕು ಮೀಟರಿನೊಳಗಿನ ಐ20ಯಲ್ಲೇ 311 ಇದೆ. ಗೆಳತಿ ಹೊರಡುವ ದಿನ ನಾವೇ ಪರೀಕ್ಷೆ ಮಾಡಿ ನೋಡಿದೆವು. ಒಂದು ಚೀಲ ತೆಂಗಿನಕಾಯಿ ಹಿಡಿಯಿತು. ಜೋನಿಬೆಲ್ಲದ ಡಬ್ಬಿ, ಅಪ್ಪೆಮಿಡಿಯ ಭರಣಿ ಚೀಲದ ಪಕ್ಕದಲ್ಲಿ ಕುಳಿತವು. ಬಾಳೆಗೊನೆ ಏನು ಮಾಡಿದರೂ ಹಿಡಿಯಲಿಲ್ಲ. ಆಯಿ ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ತಂದು, ಸೊನೆ ತಾಗದಂತೆ ಹಿಂದಿನ ಸೀಟಿನ ಮೇಲೆ ನಾಲ್ಕು ಮಡಿಕೆ ಹಾಸಿ, ಗೊನೆಯನ್ನು ಅದರ ಮೇಲೆ ಮಲಗಿಸಿದಳು. ಆ ಸೀರೆಯನ್ನು ಗೆಳತಿ ಒಗೆದು ಮರಳಿ ಕಳಿಸಿದ್ದಾಳೆ, ನನ್ನ ಕಾರಿಗೆಂದು ಎತ್ತಿಟ್ಟಿದ್ದೇನೆ.