ಮಂಡ್ಯದ ನೈಸ್ ಕೋರ್ ಲಾಗಿಂಗ್: ಮೂರನೇ ಪೆಟ್ಟಿಗೆ

ಅಣುಸ್ಥಾವರದ ಕಟ್ಟಡಕ್ಕೆ ತಳಪಾಯದ ಬಂಡೆ ನೋಡುವವರು ಕೋರ್ (ಬಂಡೆ ಕೊರೆದು ತೆಗೆದ ದುಂಡು ಕಲ್ಲಿನ ಕೋಲು) ಓದುವ ರೀತಿಯನ್ನೇ ಹಿಡಿದು ಅಭ್ಯಾಸ ಮಾಡುವುದು ಈ ಕೆಲಸದ ಉದ್ದೇಶ. ಸ್ಥಾವರ ಇರುವುದು ಕೈಗಾದಲ್ಲಿ. ಅಭ್ಯಾಸದ ಪೆಟ್ಟಿಗೆಯಲ್ಲಿರುವುದು ಮಾತ್ರ ಮಂಡ್ಯ ಕಡೆಯ ನೈಸ್, ಅಂದರೆ ಪಟ್ಟೆಪಟ್ಟೆಯ ಗಟ್ಟಿಕಲ್ಲು. ಎನ್‌ಎಕ್ಸ್ ಎಂಬ ಅಳತೆಯ ಕೋರ್, 54.7 ಮಿ.ಮೀ. ವ್ಯಾಸ.

ಈ ವಾರ ಒಂದೇ ರನ್ (ಒಂದು ಸಲಕ್ಕೆ ಕೊರೆದ ಉದ್ದ), 1.5 ಮೀಟರ್. ಮೇಲಿಂದ ಕೆಳಕ್ಕೆ ತುಂಡುಗಳು: 31, 18, 7, 24, 9, 22, 14 ಸೆಂ.ಮೀ. ಟೇಪು ಕೋರ್‌ನ ನಡುಗೆರೆಯ ಮೇಲೇ ಹೋಗಬೇಕು. ಓರೆ ಬಿರುಕಿನ ಚೂಪು ತುದಿಯಿಂದ ಹಿಡಿದರೆ ಉದ್ದ ಸುಮ್ಮನೆ ಹಿಗ್ಗುತ್ತದೆ. ಒಟ್ಟು 125, ರಿಕವರಿ (ಕೊರೆದದ್ದರಲ್ಲಿ ಕೈಗೆ ಸಿಕ್ಕ ಪಾಲು) 83%. ಆರ್‌ಕ್ಯುಡಿಗೆ (ಬಂಡೆಯ ಗುಣಮಟ್ಟ ಹೇಳುವ ಶೇಕಡಾ ಅಂಕಿ) 10 ಸೆಂ.ಮೀ.ಗಿಂತ ಗಿಡ್ಡವಾದ ಗಟ್ಟಿ ತುಂಡು ಲೆಕ್ಕಕ್ಕಿಲ್ಲ: 109, ಅಂದರೆ 73%. ದರ್ಜೆ ಸಾಧಾರಣ.

ಆಮೇಲೆ ನೀರು ಹಾಕಿ ತೊಳೆದಾಗ 7 ಮತ್ತು 24ರ ಮುರಿದ ಮುಖಗಳು ಕಚ್ಚಿ ಕೂತವು. ಮುಖ ಹೊಸದು, ಒರಟು. ತುಕ್ಕಿನ ಕಲೆಯಿಲ್ಲ, ಜೇಡಿಯಿಲ್ಲ. ಇದು ಬಂಡೆಯ ಬಿರುಕಲ್ಲ, ಡ್ರಿಲ್ಲಿನದೋ ಕೋರ್ ಹಿಡಿಯುವ ಕೊಳವೆ (ಬ್ಯಾರಲ್) ಬಡಿದವರದೋ ಕೈವಾಡ. ಎರಡೂ ಸೇರಿ 31 ಆದರೆ ಮೊತ್ತ 116, ಆರ್‌ಕ್ಯುಡಿ 77%. ಉತ್ತಮ ದರ್ಜೆ 75ರಿಂದ ಶುರು, ಹಾಗಾಗಿ ಒಂದು ಮುರಿತಕ್ಕೇ ದರ್ಜೆ ಬದಲಾಯಿತು. ಆದರೆ ಕಪ್ಪು ಅಭ್ರಕದ ಪಟ್ಟಿಯಲ್ಲಿ ಬಿಟ್ಟ ತುಂಡನ್ನು ಹೀಗೆ ಅಂಟಿಸಬಾರದು. ಅಲ್ಲಿ ನಿಜವಾದ ಬಿರುಕೂ ಹೊಸ ಮುರಿತದಂತೆ ಹೊಳೆಯುತ್ತದೆ. ಅನುಮಾನ ಬಂದರೆ ಬಿರುಕೆಂದೇ ಬರೆಯುವುದು ಕ್ಷೇಮ.

ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದದ್ದು ಸಿಗದ 25 ಸೆಂ.ಮೀ. ಬಗ್ಗೆ. ಗಟ್ಟಿಕಲ್ಲು ಕೈಗೆ ಬರುತ್ತದೆ, ಕೊಚ್ಚಿಹೋಗುವುದು ಮೆತ್ತನೆಯ ಪದರ. ಕಟ್ಟಡ ಕುಸಿಯುವುದೂ ಜಾರುವುದೂ ಅದರ ಮೇಲೇ. ತುಂಡುಗಳನ್ನು ಒತ್ತರಿಸಿ ಜಾಗ ಮುಚ್ಚದೆ ಅಲ್ಲಿ ಮರದ ತುಂಡು ಇಡಬೇಕು. ಎಲ್ಲಿ ಹೋಯಿತೆಂದು ತಿಳಿಯಲು ಡ್ರಿಲ್ಲರ್ ಪುಸ್ತಕ ನೋಡಿ: ವಾಪಸ್ ನೀರು ಕೆಂಪಾದದ್ದು, ರಾಡ್ ಧಡಕ್ಕನೆ ಇಳಿದದ್ದು. ಅಲ್ಲೂ ಸುಳಿವಿಲ್ಲದಿದ್ದರೆ ರನ್ನಿನ ತಳದಲ್ಲಿ ತೋರಿಸುವುದು ವಾಡಿಕೆ. ಒಳಗೊಂದು ಹೊರಗೊಂದು ಕೊಳವೆಯಿರುವ ಡಬಲ್ ಟ್ಯೂಬ್ ಬ್ಯಾರಲ್ ಹಾಕಿ, ರನ್ ಗಿಡ್ಡ ಮಾಡಿ, ನೀರಿನ ಒತ್ತಡ ತಗ್ಗಿಸಿದರೆ ನಷ್ಟ ಕಡಿಮೆ.

ಈ ಸೀಮೆಯಲ್ಲಿ ಇನ್ನೊಂದು ಬಲೆ: ಕೊಳೆತ ಕಲ್ಲಿನ ನಡುವೆ ಉಳಿದ ಉರುಟು ಗುಂಡುಗಳು. ಬಿಟ್ ಗಟ್ಟಿ ಹತ್ತಿತೆಂದು ನಿಲ್ಲಿಸಿದರೆ ಗುಂಡಿನ ಕೆಳಗೆ ಮತ್ತೆ ಗರಸು. ಕಡಿದಾದ ಬಿರುಕು ನೆಟ್ಟಗೆ ಇಳಿದ ರಂಧ್ರಕ್ಕೆ ಸಿಗದೆ ತಪ್ಪಿಸಿಕೊಳ್ಳುತ್ತದೆ, ಓರೆ ರಂಧ್ರ ಒಂದಾದರೂ ಬೇಕು.

ರಂಧ್ರಕ್ಕೆ ಒತ್ತಡದಲ್ಲಿ ನೀರು ತುಂಬಿ ಬಿರುಕುಗಳಲ್ಲಿ ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆಯ ಲೆಕ್ಕ: 3 ಮೀಟರ್ ಭಾಗ, 2 ಬಾರ್ ಒತ್ತಡ, ನಿಮಿಷಕ್ಕೆ 6 ಲೀಟರ್ ಹೋದರೆ 10 ಲ್ಯೂಜಾನ್ (10 ಬಾರ್‌ನಲ್ಲಿ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್ ಹೋದರೆ 1 ಲ್ಯೂಜಾನ್). ಆಳ ಕಡಿಮೆಯಿದ್ದಲ್ಲಿ 10 ಬಾರ್ ಕೊಟ್ಟರೆ ಬಿರುಕೇ ಬಾಯಿ ಬಿಡುತ್ತದೆ. ಒತ್ತಡ ಏರಿಸಿ ಇಳಿಸಿ ಐದು ಹಂತ ನೋಡಬೇಕು. ಆ ಭಾಗವನ್ನು ಮುಚ್ಚುವ ರಬ್ಬರ್ ಬಿರಡೆಯ (ಪ್ಯಾಕರ್) ಪಕ್ಕದಿಂದ ಸೋರಿದರೆ ಅಂಕಿ ಸುಳ್ಳು.

ಮುಂದಿನ ಪೆಟ್ಟಿಗೆಯಲ್ಲಿ ಕರಿಕಲ್ಲಿನ ಡೈಕ್ (ಬಂಡೆ ಸೀಳಿ ನುಗ್ಗಿದ ಗೋಡೆಯಂಥ ಪದರ) ನೈಸ್‌ಗೆ ತಾಗುವ ಅಂಚು ಇದೆ.